ಮೊದಲು ನಡಿಗೆ, ಆಮೇಲೆ ಮುಖ

(ಇಂಗ್ಲಿಷ್ ನಟ ಅಲೆಕ್ ಗಿನ್ನೆಸ್ ಬಗ್ಗೆ ಸಿನಿಮಾ ಆಸಕ್ತರ ಒಂದು ಸಣ್ಣ ಬಳಗದಲ್ಲಿ ಆಡಿದ ಮಾತುಗಳ ಬರಹ ರೂಪ)

ಸಾವನದುರ್ಗದ ಬೆಟ್ಟ ಹತ್ತಿದವರು ಇಲ್ಲಿ ಎಷ್ಟು ಜನ ಇದ್ದೀರಿ? ಅರ್ಧಕ್ಕಿಂತ ಜಾಸ್ತಿ ಕೈ ಮೇಲೆದ್ದಿವೆ. ಹಾಗಾದರೆ ಅಲ್ಲಿಂದಲೇ ಶುರು ಮಾಡೋಣ.

1983ರ ಕೊನೆಯಲ್ಲಿ ಡೇವಿಡ್ ಲೀನ್ ಎಂಬ ಇಂಗ್ಲಿಷ್ ನಿರ್ದೇಶಕ ಬೆಂಗಳೂರಿನಲ್ಲಿ ಬೀಡುಬಿಟ್ಟ. ಫಾರ್ಸ್ಟರ್ ಬರೆದ ‘ಎ ಪ್ಯಾಸೇಜ್ ಟು ಇಂಡಿಯಾ’ ಕಾದಂಬರಿಯನ್ನು ಸಿನಿಮಾ ಮಾಡಲು ಬಂದಿದ್ದ. ಅರಮನೆ ಮೈದಾನದಲ್ಲಿ ಒಂದು ಇಡೀ ಪೇಟೆಬೀದಿಯ ಸೆಟ್ ಎದ್ದಿತು. ಕಾದಂಬರಿಯ ಗುಹೆಗಳಿಗೆ ಮೂಲ ಬಿಹಾರದಲ್ಲಿದೆ. ಅವು ಕ್ಯಾಮೆರಾಕ್ಕೆ ಸಪ್ಪೆ ಅನ್ನಿಸಿ ಲೀನ್ ನಮ್ಮ ಸಾವನದುರ್ಗ ಮತ್ತು ರಾಮನಗರದ ಬಂಡೆಗಳನ್ನು ಆರಿಸಿಕೊಂಡ. ರಾಮನಗರ ಅಂದ ಕೂಡಲೇ ನಮಗೆಲ್ಲ ಗಬ್ಬರ್ ಸಿಂಗ್ ನೆನಪಾಗುತ್ತಾನೆ. ಈ ಇಂಗ್ಲಿಷ್ ತಂಡವನ್ನು ನೆನೆಯುವವರು ಕಡಿಮೆ.

ಆ ತಂಡದ ಜೊತೆ 69 ವರ್ಷದ ಒಬ್ಬ ನಟ ಬಂದಿದ್ದ. ಬೋಳುತಲೆ, ಮೆಲುದನಿ. ಬಸ್ಸಿನಲ್ಲಿ ಪಕ್ಕ ಕೂತರೂ ಎರಡನೇ ಸಲ ತಿರುಗಿ ನೋಡದಂಥ ಮುಖ. ಬೆಂಗಳೂರಿನಲ್ಲಿ ಆತ ಮುಖಕ್ಕೆ ಕಂದು ಬಣ್ಣ ಬಳಿದುಕೊಂಡು, ತಲೆಗೆ ಪೇಟ ಸುತ್ತಿಕೊಂಡು, ಗೋಡಬೋಲೆ ಎಂಬ ಬ್ರಾಹ್ಮಣ ಪ್ರೊಫೆಸರ್ ಆದ. ಅದು ಚೆನ್ನಾಗಿ ಬರಲಿಲ್ಲ ಅನ್ನೋದು ನನ್ನ ಅಭಿಪ್ರಾಯ. ಯಾಕೆ ಬರಲಿಲ್ಲ ಅನ್ನೋದಕ್ಕೆ ಆಮೇಲೆ ಬರುತ್ತೇನೆ. ನಮ್ಮೂರಿಗೆ ಬಂದಾಗಲೇ ಎಡವಿದ ಅನ್ನೋದು ನನಗೆ ಸ್ವಲ್ಪ ಸಂಕಟದ ವಿಷಯ. ಯಾಕಂದರೆ ಈ ಅಲೆಕ್ ಗಿನ್ನೆಸ್‌ನಷ್ಟು ಚೆನ್ನಾಗಿ ಬೇರೆಯವರೊಳಗೆ ಹೊಕ್ಕು ಕೂರುವ ನಟರು ಬಹಳ ಜನ ಇಲ್ಲ.

ಒಂದು ಮಾತು. ನಾನು ಇಡೀ ಹೊತ್ತು ಏಕವಚನದಲ್ಲೇ ಮಾತಾಡುತ್ತೇನೆ. ಇಷ್ಟದ ನಟರನ್ನು ಹಾಗೆ ಕರೆಯೋದು ನಮ್ಮಲ್ಲಿ ರೂಢಿ. ಅವನಿಗೆ ‘ಸರ್’ ಪದವಿ 1959ರಲ್ಲೇ ಸಿಕ್ಕಿದೆ, ನಾವು ಕೊಡೋದು ಬೇಕಿಲ್ಲ.

ಹೆಸರಿನ ವಿಷಯ ಮೊದಲು ಮುಗಿಸಿಬಿಡೋಣ. ಗಿನ್ನೆಸ್ ಅಂದರೆ ದಾಖಲೆ ಪುಸ್ತಕದವರಾ, ಬಿಯರ್ ಕಂಪನಿಯವರಾ ಅಂತ ಕೇಳುತ್ತಾರೆ. ಅವನಿಗೂ ಅದು ಗೊತ್ತಿರಲಿಲ್ಲ. 1914ರ ಏಪ್ರಿಲ್ 2ರಂದು ಲಂಡನ್ನಿನಲ್ಲಿ ಹುಟ್ಟಿದ. ತಾಯಿ ಆಗ್ನೆಸ್ ಕಫ್. ಜನನ ಪತ್ರದಲ್ಲಿ ತಂದೆಯ ಹೆಸರು ಬರೆಯುವ ಜಾಗ ಖಾಲಿ. ಬಿಯರ್ ಮನೆತನದ ಯಾರೋ ಇರಬೇಕು ಎಂಬ ಗಾಳಿಮಾತು ಇತ್ತು. ಆದರೆ ಶಾಲೆಯ ಫೀಸು ಕಟ್ಟುತ್ತಿದ್ದವನು ಗೆಡ್ಡಿಸ್ ಎಂಬ ಬ್ಯಾಂಕಿನ ಮನುಷ್ಯ. ಅವನೇ ತಂದೆ ಅನ್ನೋದು ಹಲವರ ಊಹೆ. ನಡುವೆ ತಾಯಿ ಸ್ಟಿವನ್ ಎಂಬ ಸೈನ್ಯದ ಕ್ಯಾಪ್ಟನ್‌ನನ್ನು ಮದುವೆಯಾದಳು, ಆತ ಹೊಡೆಯುವವ. ಆ ಮದುವೆ ಮೂರು ವರ್ಷವೂ ಸರಿಯಾಗಿ ನಿಲ್ಲಲಿಲ್ಲ, ಹುಡುಗನಿಗೆ ಮಾತ್ರ ಸ್ಟಿವನ್ ಅನ್ನೋ ಹೆಸರು ಅಂಟಿಕೊಂಡಿತು. ಹದಿನಾಲ್ಕನೇ ವಯಸ್ಸಿನಲ್ಲಿ ಒಂದು ದಿನ, ನಿನ್ನ ಹೆಸರು ನಿಜವಾಗಿ ಸ್ಟಿವನ್ ಅಲ್ಲ, ಗಿನ್ನೆಸ್ ಅಂದರು.

ಹದಿನಾಲ್ಕು ವರ್ಷ ಆಗುವಷ್ಟರಲ್ಲಿ ಮೂರು ಹೆಸರು! ಇದರಿಂದಲೇ ನಟನಾದ ಅಂತ ಹೇಳಿಬಿಡೋದು ಸುಲಭ. ಜೀವನಚರಿತ್ರೆ ಬರೆದವರು ಹೇಳಿಯೂ ಇದ್ದಾರೆ. ನನಗೆ ಅಷ್ಟು ಧೈರ್ಯ ಇಲ್ಲ. ತಂದೆ ಯಾರೆಂದು ಗೊತ್ತಿಲ್ಲದ ಎಷ್ಟೋ ಮಕ್ಕಳು ಗುಮಾಸ್ತರಾಗಿದ್ದಾರೆ. ಇವನೂ ಮೊದಲು ಆಗಿದ್ದು ಹೆಚ್ಚೂಕಡಿಮೆ ಅದೇ. ಶಾಲೆ ಮುಗಿಸಿ ಒಂದು ಜಾಹೀರಾತು ಕಂಪನಿಯಲ್ಲಿ ನಿಂಬೆ ಶರಬತ್ತು, ರೇಡಿಯೊ ವಾಲ್ವುಗಳಿಗೆ ಜಾಹೀರಾತಿನ ಸಾಲು ಬರೆಯುತ್ತಿದ್ದ.

ನಾಟಕದ ಹುಚ್ಚು ಹಿಡಿದಿತ್ತು, ದಾರಿ ಗೊತ್ತಿರಲಿಲ್ಲ. ಆ ಕಾಲದ ದೊಡ್ಡ ನಟ ಜಾನ್ ಗೀಲ್ಗುಡ್‌ನನ್ನೇ ಸಂಪರ್ಕಿಸಿ, ಏನು ಮಾಡಲಿ ಅಂತ ಕೇಳಿದ. ಮಾರ್ಟಿಟಾ ಹಂಟ್ ಎಂಬ ನಟಿಯ ಹತ್ತಿರ ಪಾಠಕ್ಕೆ ಹೋಗು ಅಂತ ಅವನು ಹೇಳಿಕಳಿಸಿದ. ಕೆಲವು ಪಾಠ ಆದ ಮೇಲೆ ಆಕೆ, ನಿನಗೆ ಇದು ಹತ್ತುವುದಿಲ್ಲ, ಸುಮ್ನೆ ದುಡ್ಡು ದಂಡ ಅಂದುಬಿಟ್ಟಳು. 1946ರಲ್ಲಿ ಡಿಕನ್ಸ್‌ನ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಸಿನಿಮಾ ಬಂತಲ್ಲ, ಅದರಲ್ಲಿ ಜೇಡರಬಲೆ ಕಟ್ಟಿದ ಮದುವೆ ಕೇಕಿನ ಮುಂದೆ ಕೂರುವ ಮುದುಕಿ ಆಕೆಯೇ. ಆಕೆಯ ‘ಹತ್ತುವುದಿಲ್ಲ’ದ ಶಿಷ್ಯ ಅದೇ ಸಿನಿಮಾದಲ್ಲಿ ನಾಯಕನ ಗೆಳೆಯ ಹರ್ಬರ್ಟ್.

ಅಷ್ಟರೊಳಗೆ ಬಹಳ ಕಷ್ಟ ಆಗಿತ್ತು. ಸ್ಕಾಲರ್‌ಶಿಪ್ ಮೇಲೆ ಒಂದು ನಟನಾ ಶಾಲೆ ಸೇರಿದ. ದುಡ್ಡಿಲ್ಲದೆ ಬೀನ್ಸು, ಸೇಬು ತಿಂದು ದಿನ ಕಳೆದ. ಬೂಟಿನ ತಳ ಸವೆಯಬಾರದು ಅಂತ ಅದನ್ನು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ನಡೆದದ್ದೂ ಇದೆ. ಗೀಲ್ಗುಡ್ ಇಪ್ಪತ್ತು ಪೌಂಡ್ ಕೊಡಲು ಬಂದರೆ ಸ್ವಾಭಿಮಾನದಿಂದ ಬೇಡ ಅಂದ. 1934ರಲ್ಲಿ ಒಂದು ನಾಟಕದಲ್ಲಿ ಮೂರು ಚಿಲ್ಲರೆ ಪಾತ್ರ ಒಟ್ಟಿಗೆ ಸಿಕ್ಕಿದವು. ಒಬ್ಬ ಚೀನೀ ಕೂಲಿ, ಒಬ್ಬ ಫ್ರೆಂಚ್ ಕಡಲುಗಳ್ಳ, ಒಬ್ಬ ಇಂಗ್ಲಿಷ್ ನಾವಿಕ. ಕಂಪನಿಗೆ ಮೂವರ ಬದಲು ಒಬ್ಬನ ಸಂಬಳ ಕೊಟ್ಟರೆ ಸಾಕಿತ್ತು, ಅಷ್ಟೇ. ಕಲೆಯ ಎಷ್ಟೋ ದೊಡ್ಡ ಸಂಗತಿಗಳು ಹೀಗೆ ಸಂಬಳ ಉಳಿಸುವ ಲೆಕ್ಕದಲ್ಲೇ ಹುಟ್ಟುತ್ತವೆ.

ಅದೇ ವರ್ಷ ಗೀಲ್ಗುಡ್ ತನ್ನ ‘ಹ್ಯಾಮ್ಲೆಟ್’ನಲ್ಲಿ ಓಸ್ರಿಕ್ ಎಂಬ ಸಣ್ಣ ಪಾತ್ರ ಕೊಟ್ಟ. ಒಂದು ದಿನ ರಿಹರ್ಸಲ್‌ನಲ್ಲಿ ಸಿಟ್ಟಾಗಿ, ಹೋಗು, ಯಾರ ಹತ್ತಿರಾದರೂ ನಟನೆ ಕಲಿತು ಬಾ ಅಂದ. ಹುಡುಗ ಒಂದು ವಾರ ಲಂಡನ್ ಬೀದಿ ಅಲೆದು ವಾಪಸ್ ಬಂದು ಅದೇ ದೃಶ್ಯ ಮಾಡಿದ. ಈ ಸಲ ಗೀಲ್ಗುಡ್‌ಗೆ ಬಹಳ ಖುಷಿಯಾಯಿತು. ನಾನೇನೂ ಬೇರೆ ಮಾಡಿರಲಿಲ್ಲ ಅಂತ ಗಿನ್ನೆಸ್ ಆಮೇಲೆ ಹೇಳಿಕೊಂಡಿದ್ದಾನೆ. ನಿರ್ದೇಶಕರ ಹತ್ತಿರ ಕೆಲಸ ಮಾಡಿದ ಯಾರಿಗೂ ಇದು ಹೊಸದಲ್ಲ ಅಲ್ವಾ?

ಈಗ ಅವನ ಕೆಲಸದ ರೀತಿಗೆ ಬರೋಣ. ಪಾತ್ರದ ನಡಿಗೆ ಸಿಕ್ಕಿದರೆ ಉಳಿದದ್ದು ಹಿಂದೆಯೇ ಬರುತ್ತದೆ ಅನ್ನೋದು ಅವನ ನಂಬಿಕೆ. ಹಾಗಾಗಿ ಬೀದಿಯಲ್ಲಿ ಅಪರಿಚಿತರ ಹಿಂದೆ ನಡೆಯುತ್ತಿದ್ದ. ಮೃಗಾಲಯಕ್ಕೆ ಹೋಗಿ ಪ್ರಾಣಿಗಳನ್ನು ನೋಡುತ್ತ ನಿಲ್ಲುತ್ತಿದ್ದ. 1935ರಲ್ಲಿ ‘ನೋವಾ’ ಎಂಬ ನಾಟಕದಲ್ಲಿ ತೋಳದ ವೇಷ ಹಾಕಿದ್ದ. ಅದರಲ್ಲಿ ಹುಲಿಯಾಗಿದ್ದವಳು ಮೆರುಲಾ ಸಲಮನ್. 1938ರಲ್ಲಿ ತೋಳ ಹುಲಿಯನ್ನೇ ಮದುವೆಯಾಯಿತು. 2000ದ ಆಗಸ್ಟ್‌ನಲ್ಲಿ ಅವನು ಹೋದ, ಅಕ್ಟೋಬರ್‌ನಲ್ಲಿ ಅವಳೂ ಹೋದಳು.

ನಡಿಗೆ ಅಂದಾಗ ನನ್ನದೊಂದು ಪ್ರಸಂಗ ಹೇಳಲೇಬೇಕು. ಕಾಲೇಜಿನಲ್ಲಿ ಇಪ್ಪತ್ತೊಂದು ವರ್ಷಕ್ಕೆ ನನಗೆ ಮುದುಕನ ಪಾತ್ರ. ತಲೆಗೆ ಟಾಲ್ಕಂ ಪೌಡರು, ಕೈಯಲ್ಲಿ ಕೋಲು, ಒಂದು ಕಾಲು ಕುಂಟು. ಬೆನ್ನು ಬಗ್ಗಿಸಿ ಬಗ್ಗಿಸಿ ಚೆನ್ನಾಗಿಯೇ ಮಾಡಿದೆ ಅಂದುಕೊಂಡೆ. ಮುಗಿದ ಮೇಲೆ ನಮ್ಮಜ್ಜಿ ಕೇಳಿದರು, “ಮಗಾ, ನಿನಗೆ ಮೊದಲು ಎಡಗಾಲು ಕುಂಟಿತ್ತು, ಊಟದ ಸೀನಿಗೆ ಬರೋವಷ್ಟರಲ್ಲಿ ಬಲಗಾಲಿಗೆ ಬಂತಲ್ಲೋ, ಅದೇನು ವಾತವೇನೋ?” ಅವತ್ತಿನಿಂದ ನಾನು ರಂಗದ ಮೇಲೆ ಹೋಗಿಲ್ಲ, ರಂಗದ ಬಗ್ಗೆ ಮಾತಾಡುತ್ತೇನೆ.

ಯುದ್ಧದ ಕಾಲದಲ್ಲಿ ಗಿನ್ನೆಸ್ ನೌಕಾಪಡೆ ಸೇರಿ ಆಫೀಸರ್ ಆದ. 1943ರಲ್ಲಿ ಸಿಸಿಲಿ ದ್ವೀಪದ ಮೇಲೆ ದಾಳಿ ನಡೆದಾಗ ಸೈನಿಕರನ್ನು ದಡಕ್ಕೆ ಇಳಿಸುವ ಹಡಗೊಂದು ಅವನ ಕೈಯಲ್ಲಿತ್ತು. ದಾಳಿ ಒಂದು ಗಂಟೆ ಮುಂದೆ ಹೋಗಿದೆ ಎಂಬ ಸುದ್ದಿ ಅವನಿಗೆ ಮುಟ್ಟಲಿಲ್ಲ. ಹಳೆಯ ಸಮಯಕ್ಕೇ ದಡ ಸೇರಿಬಿಟ್ಟ. ಮೇಲಧಿಕಾರಿ ರೇಗಿದಾಗ, ಲಂಡನ್ನಿನ ನಾಟಕಶಾಲೆಗಳಲ್ಲಿ ಎಂಟು ಗಂಟೆಗೆ ಪರದೆ ಅಂದರೆ ಎಂಟಕ್ಕೇ ಏಳುತ್ತದೆ, ನೌಕಾಪಡೆ ಇದನ್ನು ಕಲಿಯಬೇಕು ಅಂದನಂತೆ. ಹೇಳಿದವನು ಅವನೇ, ಹಾಗಾಗಿ ಸ್ವಲ್ಪ ಉಪ್ಪುಖಾರ ಸೇರಿರಬಹುದು.

ವಾಪಸ್ ಬಂದ ಮೇಲೆ ಲೀನ್‌ನ ‘ಆಲಿವರ್ ಟ್ವಿಸ್ಟ್’, 1948. ಮಕ್ಕಳಿಗೆ ಜೇಬುಗಳ್ಳತನ ಕಲಿಸುವ ಮುದುಕ ಫೇಗಿನ್ ನಾನೇ ಆಗುತ್ತೇನೆ ಅಂದ. ಲೀನ್ ನಕ್ಕ. ಅವನ ಕಣ್ಣಿಗೆ ಇವನು ಇನ್ನೂ ಹಿಂದಿನ ಸಿನಿಮಾದ ಹಾಲುಗಲ್ಲದ ಹರ್ಬರ್ಟ್. ಗಿನ್ನೆಸ್ ಒಂದು ಸ್ಕ್ರೀನ್ ಟೆಸ್ಟ್ ಕೇಳಿ, ಪೂರ್ತಿ ವೇಷ ಹಾಕಿಕೊಂಡು ಬಂದು ನಿಂತ. ಲೀನ್ ನಗು ನಿಲ್ಲಿಸಿ ಪಾತ್ರ ಕೊಟ್ಟ.

ನಟನೆ ನೋಡಿದರೆ ಅದ್ಭುತ. ಆದರೆ ಆ ಮೂಗು! ಡಿಕನ್ಸ್ ಕಾಲದ ಚಿತ್ರಗಳಲ್ಲಿ ಯಹೂದಿಯನ್ನು ಹೇಗೆ ಕೆಟ್ಟದಾಗಿ ಬರೆದಿದ್ದರೋ ಹಾಗೇ ಮಾಡಿ ಅಂಟಿಸಿದ ಮೂಗು. ನಾಜಿ ಶಿಬಿರಗಳು ಮುಚ್ಚಿ ಆಗಿನ್ನೂ ಮೂರು ವರ್ಷವಷ್ಟೇ ಆಗಿತ್ತು. 1949ರಲ್ಲಿ ಬರ್ಲಿನ್‌ನಲ್ಲಿ ಸಿನಿಮಾ ಹಾಕಿದಾಗ ಯಹೂದಿಗಳು ಥಿಯೇಟರ್ ಮುಂದೆ ಪ್ರತಿಭಟಿಸಿದರು. ಅಮೆರಿಕದಲ್ಲಿ 1951ರವರೆಗೆ ಬಿಡುಗಡೆಯಾಗಲಿಲ್ಲ, ಆಗಲೂ ಕತ್ತರಿ ಬಿದ್ದೇ ಬಂತು. ಹಳೆಯ ಚಿತ್ರಕ್ಕೆ ನಿಷ್ಠರಾಗಿದ್ದೇವೆ ಅಂತ ಮಾಡಿದವರು ಅಂದುಕೊಂಡಿರಬೇಕು. ಈ ಮೂಗನ್ನು ನೆನಪಿಟ್ಟುಕೊಳ್ಳಿ, ಬೆಂಗಳೂರಿನ ಹೊತ್ತಿಗೆ ಮತ್ತೆ ಬೇಕಾಗುತ್ತದೆ.

ಇನ್ನು 1949ರ ‘ಕೈಂಡ್ ಹಾರ್ಟ್ಸ್ ಅಂಡ್ ಕೊರೊನೆಟ್ಸ್’. ಕತೆ ಚಿಕ್ಕದು. ಡ್ಯೂಕ್ ಪದವಿಗೆ ತನಗಿಂತ ಮುಂದಿನ ಸಾಲಿನಲ್ಲಿರುವ ನೆಂಟರನ್ನು ಒಬ್ಬ ಯುವಕ ಒಬ್ಬೊಬ್ಬರಾಗಿ ಮುಗಿಸುತ್ತ ಹೋಗುತ್ತಾನೆ. ಕೊಲೆಗಾರ ಡೆನ್ನಿಸ್ ಪ್ರೈಸ್. ನೆಂಟರು ಎಂಟು ಜನ, ಎಂಟೂ ಗಿನ್ನೆಸ್. ಮೊದಲು ನಾಲ್ಕು ಪಾತ್ರ ಕೊಟ್ಟಿದ್ದರು. ನಾಲ್ಕೇ ಯಾಕೆ, ಎಂಟೂ ಮಾಡುತ್ತೇನೆ ಅಂದ. ಬ್ಯಾಂಕರ್, ಪಾದ್ರಿ, ಜನರಲ್, ಅಡ್ಮಿರಲ್, ಹೆಂಗಸರ ಮತದಾನದ ಹಕ್ಕಿಗಾಗಿ ಬಲೂನಿನಲ್ಲಿ ಹಾರುವ ಲೇಡಿ ಅಗಾಥಾ, ಹೀಗೆ.

ನಮ್ಮಲ್ಲಿ ಡಬಲ್ ಆಕ್ಟಿಂಗ್ ಅಂದರೆ ಗೊತ್ತೇ ಇದೆ. ಒಬ್ಬನಿಗೆ ಮೀಸೆ, ಇನ್ನೊಬ್ಬನಿಗೆ ಇಲ್ಲ. ಒಬ್ಬ ಹಳ್ಳಿಯವ, ಇನ್ನೊಬ್ಬ ಫಾರಿನ್ ರಿಟರ್ನ್ಡ್. ಇಲ್ಲಿ ಎಂಟು ಜನರಿಗೂ ಒಂದೇ ರಕ್ತ. ನೆಂಟರಂತೆ ಕಾಣಲೇಬೇಕು, ಆದರೂ ಬೇರೆ ಬೇರೆ ಆಗಿರಬೇಕು. ಎಲ್ಲರಲ್ಲೂ ಒಂದು ಮಂಕುತನ ಇದೆ, ಹುಟ್ಟಾ ಶ್ರೀಮಂತರಿಗೆ ಇರುವಂಥದ್ದು. ಪಾದ್ರಿಯಲ್ಲಿ ಅದು ಕೊರೆಯುವ ಮಾತಾಗಿ ಬರುತ್ತದೆ, ಅಡ್ಮಿರಲ್‌ನಲ್ಲಿ ಮೂರ್ಖ ಹಠವಾಗಿ ಬರುತ್ತದೆ. ಹಡಗು ಮುಳುಗುತ್ತಿದ್ದರೂ ಸೆಲ್ಯೂಟ್ ಹೊಡೆದು ನಿಂತೇ ನೀರಿನೊಳಗೆ ಇಳಿಯುತ್ತಾನೆ. ಕೊನೆಗೆ ನೀರಿನ ಮೇಲೆ ಟೋಪಿ ಮಾತ್ರ ತೇಲುತ್ತದೆ.

ಈಗ ಒಂದು ಸ್ಟಿಲ್ ತೋರಿಸುತ್ತೇನೆ. ಚರ್ಚಿನಲ್ಲಿ ಶವಸಂಸ್ಕಾರದ ಪ್ರಾರ್ಥನೆ. ಒಂದೇ ಚೌಕಟ್ಟಿನಲ್ಲಿ ಆರು ಜನ ಗಿನ್ನೆಸ್. ಈಗಾದರೆ ಕಂಪ್ಯೂಟರ್ ಮುಂದೆ ಕೂತ ಹುಡುಗ ಮಧ್ಯಾಹ್ನದ ಕಾಫಿಗೆ ಮುಂಚೆ ಮುಗಿಸುತ್ತಾನೆ. ಅವತ್ತು ಕ್ಯಾಮೆರಾಮನ್ ಡಗ್ಲಸ್ ಸ್ಲೊಕೊಂಬ್ ಏನು ಮಾಡಿದ ನೋಡಿ. ಕ್ಯಾಮೆರಾವನ್ನು ನೆಲಕ್ಕೆ ಬಿಗಿದ. ಲೆನ್ಸ್ ಮುಂದೆ ಕಪ್ಪು ತಡಿಕೆ ಕಟ್ಟಿ, ಒಬ್ಬ ಕೂರುವಷ್ಟು ಜಾಗ ಮಾತ್ರ ತೆರೆದ. ಗಿನ್ನೆಸ್ ಪಾದ್ರಿಯಾಗಿ ಬಂದ, ಫಿಲ್ಮ್ ಓಡಿತು. ಆ ಕಿಂಡಿ ಮುಚ್ಚಿ, ಫಿಲ್ಮನ್ನು ಅದೇ ಫ್ರೇಮಿಗೆ ಎಣಿಸಿ ಹಿಂದಕ್ಕೆ ಸುತ್ತಿದರು. ಗಿನ್ನೆಸ್ ಮೇಕಪ್ ಕೋಣೆಗೆ ಹೋಗಿ ಗಂಟೆಗಟ್ಟಲೆ ಕೂತು ಲೇಡಿ ಅಗಾಥಾ ಆಗಿ ಬಂದ. ಈಗ ಪಕ್ಕದ ಕಿಂಡಿ. ಹೀಗೆ ಆರು ಸಲ, ದಿನಗಟ್ಟಲೆ. ಒಂದೇ ಒಂದು ಸಲ ಯಾರಾದರೂ ಕ್ಯಾಮೆರಾಕ್ಕೆ ಮೊಣಕೈ ತಾಗಿಸಿದ್ದರೆ ಅಷ್ಟೂ ನೀರುಪಾಲು. ರಾತ್ರಿ ಕಸ ಗುಡಿಸುವವರು ತಳ್ಳಿಬಿಟ್ಟಾರು ಅಂತ ಸ್ಲೊಕೊಂಬ್ ಸ್ಟುಡಿಯೋದಲ್ಲೇ ಮಲಗಿದ. ಹೊಲದಲ್ಲಿ ಬೆಳೆ ಕಾಯಲು ಮಲಗುತ್ತಾರಲ್ಲ, ಹಾಗೆ.

ಆ ಫ್ರೇಮಿನಲ್ಲಿ ನನಗೆ ಇಷ್ಟವಾದದ್ದು ಮೇಕಪ್ ಅಲ್ಲ. ಆರು ಜನ ಕೂತಿರುವ ರೀತಿ. ಒಬ್ಬರ ಬೆನ್ನು ಇನ್ನೊಬ್ಬರ ಹಾಗಿಲ್ಲ. ಮುಖದ ಮೇಲೆ ಕೈ ಅಡ್ಡ ಹಿಡಿದು ನೋಡಿ, ಆಗಲೂ ಆರು ಜನ ಬೇರೆಯೇ.

ಇದಾದ ಮೇಲೆ ಸಾಲು ಸಾಲು ಕಾಮಿಡಿ. ಚಿನ್ನ ಕದಿಯುವ ಬ್ಯಾಂಕ್ ಗುಮಾಸ್ತ, ಕೊಳೆಯಾಗದ ಬಿಳಿ ಬಟ್ಟೆ ಕಂಡುಹಿಡಿಯುವ ವಿಜ್ಞಾನಿ, ಉಬ್ಬುಹಲ್ಲಿನ ದರೋಡೆಕೋರ. ಚೆನ್ನಾಗಿವೆ, ನೋಡಿ. ನಾನು ಅಲ್ಲಿ ನಿಲ್ಲುವುದಿಲ್ಲ. ಸೋಲಿನ ಕತೆ ಇದಕ್ಕಿಂತ ರುಚಿಯಾಗಿದೆ.

1951ರಲ್ಲಿ ಲಂಡನ್ನಿನಲ್ಲಿ ಗಿನ್ನೆಸ್ ತಾನೇ ಹ್ಯಾಮ್ಲೆಟ್ ಆಗಿ, ನಿರ್ದೇಶನಕ್ಕೂ ಕೈಹಾಕಿದ. ಮೊದಲ ಪ್ರದರ್ಶನದಂದೇ ಬೆಳಕಿನ ವ್ಯವಸ್ಥೆ ಕೈಕೊಟ್ಟಿತು. ಕತ್ತಲಿರಬೇಕಾದಲ್ಲಿ ಬೆಳಕು, ಬೆಳಕಿರಬೇಕಾದಲ್ಲಿ ಕತ್ತಲು. ಪತ್ರಿಕೆಗಳು ಹರಿದು ಹಾಕಿದವು. ಇದರಲ್ಲೊಂದು ಉಪಕತೆ ಇದೆ. ನಾಟಕದೊಳಗಿನ ನಾಟಕದ ರಾಜನ ಪಾತ್ರ ಮಾಡಿದ್ದವನು ಕೆನೆತ್ ಟೈನನ್ ಎಂಬ ಹುಡುಗ. ಅವನ ನಟನೆಯನ್ನು ‘ಈವ್ನಿಂಗ್ ಸ್ಟ್ಯಾಂಡರ್ಡ್’ ಪತ್ರಿಕೆಯ ವಿಮರ್ಶಕ ಕೆಟ್ಟದಾಗಿ ಬೈದ. ಟೈನನ್ ಅದಕ್ಕೆ ಎಂಥ ಚುರುಕು ಉತ್ತರ ಬರೆದ ಅಂದರೆ, ಕೊನೆಗೆ ಪತ್ರಿಕೆಯವರು ಬೈದವನ ಜಾಗಕ್ಕೆ ಇವನನ್ನೇ ವಿಮರ್ಶಕನನ್ನಾಗಿ ತಂದರು! ಮುಂದೆ ಇಂಗ್ಲೆಂಡಿನಲ್ಲಿ ಅವನಷ್ಟು ಹೆಸರಾದ ನಾಟಕ ವಿಮರ್ಶಕ ಇನ್ನೊಬ್ಬ ಇರಲಿಲ್ಲ. 1953ರಲ್ಲಿ ಗಿನ್ನೆಸ್ ಬಗ್ಗೆ ಒಂದು ಪುಸ್ತಕವನ್ನೂ ಬರೆದ. ಹ್ಯಾಮ್ಲೆಟ್‌ನ ಸೋಲಿನಿಂದ ಲಾಭ ಆದದ್ದು ಅವನೊಬ್ಬನಿಗೆ.

ಗಿನ್ನೆಸ್ ಆಮೇಲೂ ಮುಖ್ಯ ಪಾತ್ರಗಳನ್ನು ಮಾಡಿದ. ಆದರೆ ಎಲ್ಲರ ಕಣ್ಣು ತನ್ನ ಮೇಲೇ ಇರಲಿ ಅನ್ನುವ ಹೀರೋತನ ಅವನಿಗೆ ಒಗ್ಗಲಿಲ್ಲ. ಪರ್ಸನಾಲಿಟಿ ಅಂತೀವಲ್ಲ, ರಂಗಕ್ಕೆ ಬಂದರೆ ಸಾಕು ಸಿಳ್ಳೆ ಬೀಳಬೇಕು, ಅದು ಇವನಲ್ಲಿ ಇರಲಿಲ್ಲ. ಒಂದು ಕತೆ ಚಾಲ್ತಿಯಲ್ಲಿದೆ. ಯಾವುದೋ ಹೋಟೆಲಿನಲ್ಲಿ ಕೋಟು ಬಿಚ್ಚಿ ಕೊಟ್ಟು ಹೆಸರು ಹೇಳಲು ಹೋದಾಗ, ಅಲ್ಲಿನ ನೌಕರ ಬೇಡ ಸಾರ್ ಅಂದನಂತೆ. ಗುರುತು ಹಿಡಿದ ಅಂತ ಇವನಿಗೆ ಖುಷಿ. ವಾಪಸ್ ಬಂದು ಕೋಟಿನ ಜೇಬಿಗೆ ಕೈಹಾಕಿದರೆ ಒಂದು ಚೀಟಿ: ‘ಬೋಳುತಲೆ, ಕನ್ನಡಕ’.

ಈಗ ಎರಡು ಪ್ರಸಂಗ ಒಟ್ಟಿಗೆ ಹೇಳುತ್ತೇನೆ. ಎರಡರಲ್ಲೂ ಒಬ್ಬೊಬ್ಬ ಹುಡುಗ ಇದ್ದಾನೆ.

‘ಫಾದರ್ ಬ್ರೌನ್’ ಸಿನಿಮಾದ ಚಿತ್ರೀಕರಣ ಫ್ರಾನ್ಸಿನ ಒಂದು ಹಳ್ಳಿಯ ಬಳಿ ನಡೆದಿತ್ತು. ಸಂಜೆ ಶೂಟಿಂಗ್ ನಡುವೆ ಬಿಡುವು. ಗಿನ್ನೆಸ್ ಪಾದ್ರಿಯ ಉದ್ದ ನಿಲುವಂಗಿಯಲ್ಲೇ ತನ್ನ ಕೋಣೆ ಕಡೆ ನಡೆದು ಹೊರಟ. ಕತ್ತಲಾಗುತ್ತಿತ್ತು. ಹಿಂದಿನಿಂದ ಓಡುವ ಸದ್ದು. ಏಳೆಂಟು ವರ್ಷದ ಒಬ್ಬ ಹುಡುಗ ಬಂದು ‘ಫಾದರ್’ ಅನ್ನುತ್ತ ಕೈ ಹಿಡಿದುಕೊಂಡ. ಬಿಗಿಯಾಗಿ ಹಿಡಿದು, ಕುಣಿಯುತ್ತ, ದಾರಿಯುದ್ದಕ್ಕೂ ಹರಟಿದ. ಗಿನ್ನೆಸ್ ಒಂದು ಮಾತೂ ಆಡಲಿಲ್ಲ. ತನ್ನ ಹರಕು ಮುರುಕು ಫ್ರೆಂಚ್ ಕೇಳಿ ಮಗು ಹೆದರಿಬಿಟ್ಟರೆ? ಸ್ವಲ್ಪ ದೂರ ಹೋಗಿ ಹುಡುಗ ಕೈಬಿಟ್ಟು, ವಂದಿಸಿ, ಬೇಲಿಯ ಸಂದಿಯಲ್ಲಿ ಮಾಯವಾದ. ಬರೀ ಬಟ್ಟೆ ನೋಡಿ ಒಂದು ಮಗು ಇಷ್ಟು ನಂಬುತ್ತದಾ ಅನ್ನೋದು ಅವನ ಮನಸ್ಸಿನಲ್ಲಿ ಕೂತುಬಿಟ್ಟಿತು. 1956ರಲ್ಲಿ ಅವನು ಕ್ಯಾಥೊಲಿಕ್ ಆದ. ಅದಕ್ಕೆ ಬೇರೆ ಕಾರಣಗಳೂ ಇದ್ದವು, ಆದರೆ ಈ ಹುಡುಗನನ್ನು ಅವನು ಮರೆಯಲಿಲ್ಲ.

ಇನ್ನೊಬ್ಬ ಅವನದೇ ಮಗ, ಮ್ಯಾಥ್ಯೂ. ಹನ್ನೊಂದನೇ ವಯಸ್ಸಿನಲ್ಲಿ ಪೋಲಿಯೋ ಬಂದು ಸೊಂಟದ ಕೆಳಗೆ ಸ್ವಾಧೀನ ತಪ್ಪಿತು. ತಂದೆ ಚರ್ಚಿಗೆ ಹೋಗಿ ಕೂತು ಹರಕೆ ಹೊತ್ತ. ನಿಧಾನಕ್ಕೆ ಹುಡುಗ ಎದ್ದ, ಮತ್ತೆ ನಡೆಯಲು ಕಲಿತ. ಹುಡುಗ ಹೆಜ್ಜೆ ಇಡುತ್ತಿದ್ದ ರೀತಿಯನ್ನು ತಂದೆ ನೋಡಿದ್ದ.

ಈಗ ಒಂದು ಸಿನಿಮಾದ ತುಣುಕು ತೋರಿಸುತ್ತೇನೆ. 1957ರ ‘ದಿ ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್’. ಚಿತ್ರೀಕರಣ ಸಿಲೋನಿನ ಕಿತುಲ್ಗಲದಲ್ಲಿ. ಕತೆಯಲ್ಲಿ ಬರ್ಮಾ ರೈಲು ದಾರಿಗಾಗಿ ಜಪಾನಿಯರು ಬ್ರಿಟಿಷ್ ಕೈದಿಗಳಿಂದ ಸೇತುವೆ ಕಟ್ಟಿಸುತ್ತಾರೆ. ಆಫೀಸರ್‌ಗಳು ಕೂಲಿ ಕೆಲಸ ಮಾಡಬೇಕಿಲ್ಲ, ಕಾನೂನು ಇದೆ ಅಂತ ಕರ್ನಲ್ ನಿಕಲ್ಸನ್ ಹಠ ಹಿಡಿಯುತ್ತಾನೆ. ಅವನನ್ನು ತಗಡಿನ ಗೂಡಿಗೆ ತಳ್ಳಿ ಬಿಸಿಲಲ್ಲಿ ಬೇಯಿಸುತ್ತಾರೆ. ದಿನಗಳಾದ ಮೇಲೆ ಕ್ಯಾಂಪಿನ ಮುಖ್ಯಸ್ಥ ಕರೆಸುತ್ತಾನೆ. ಗೂಡಿನಿಂದ ಹೊರಬಂದ ನಿಕಲ್ಸನ್ ಮೈದಾನ ದಾಟಿ ನಡೆಯಬೇಕು. ಇಷ್ಟೇ ದೃಶ್ಯ, ಮಾತಿಲ್ಲ.

ಕಾಲು ನೋಡಿ. ಮೊಣಕಾಲು ಬಗ್ಗುತ್ತಿಲ್ಲ, ಹೆಜ್ಜೆ ಎಲ್ಲಿ ಬೀಳುತ್ತದೋ ಅವನಿಗೇ ಗೊತ್ತಿಲ್ಲ. ಆದರೆ ಸೊಂಟದ ಮೇಲೆ ಆತ ಇನ್ನೂ ಕರ್ನಲ್. ಬೆನ್ನು ನೆಟ್ಟಗಿದೆ, ಗಲ್ಲ ಎತ್ತಿದೆ. ಕೆಳಗೆ ಒಬ್ಬ ಮನುಷ್ಯ, ಮೇಲೆ ಇನ್ನೊಬ್ಬ. ಕೆಳಗಿನ ಆ ನಡಿಗೆ ಮ್ಯಾಥ್ಯೂದು. ತಾನು ಮಾಡಿದ್ದರಲ್ಲಿ ಒಳ್ಳೆಯ ಕೆಲಸ ಅಂದರೆ ಈ ಕೆಲವು ಹೆಜ್ಜೆಗಳು ಅಂತ ಗಿನ್ನೆಸ್ ಹೇಳುತ್ತಿದ್ದ. ಅಂಟಿಸಿದ ಮೂಗಿಲ್ಲ, ಸುಳ್ಳು ಹಲ್ಲಿಲ್ಲ. ಸ್ವಂತ ಮುಖ, ಮಗನ ಕಾಲು. ಆಸ್ಕರ್ ಬಂದದ್ದು ಇದಕ್ಕೆ.

ಮಜಾ ಅಂದರೆ, ಲೀನ್ ಸಿಲೋನಿನಲ್ಲಿ ಅವನಿಗೆ ಕೊಟ್ಟ ಸ್ವಾಗತ. ನನಗೆ ಬೇಕಾಗಿದ್ದವನು ಚಾರ್ಲ್ಸ್ ಲಾಟನ್ ಅಂತ ಮುಖಕ್ಕೇ ಹೇಳಿದ. ಇಡೀ ಸಿನಿಮಾ ಇಬ್ಬರೂ ಕಿತ್ತಾಡಿದರು. ಆದರೂ ಒಟ್ಟು ಆರು ಸಿನಿಮಾ ಒಟ್ಟಿಗೆ ಮಾಡಿದರು. ಕೆಲವು ಗಂಡ ಹೆಂಡತಿ ಇರುತ್ತಾರಲ್ಲ, ಹಾಗೆ.

ನಡುವಿನ ವರ್ಷಗಳನ್ನು ಬೇಗ ದಾಟುತ್ತೇನೆ. 1960ರಲ್ಲಿ ‘ರಾಸ್’ ನಾಟಕದಲ್ಲಿ ‘ಲಾರೆನ್ಸ್ ಆಫ್ ಅರೇಬಿಯಾ’ ಎಂದು ಹೆಸರಾದ ಬ್ರಿಟಿಷ್ ಸೇನಾಧಿಕಾರಿ ಆಗಿದ್ದವನು ಇವನೇ. 1962ರಲ್ಲಿ ಲೀನ್ ಅದೇ ಮನುಷ್ಯನ ಮೇಲೆ ಸಿನಿಮಾ ಮಾಡಿದಾಗ ಲಾರೆನ್ಸ್ ಪೀಟರ್ ಒ’ಟೂಲ್ ಪಾಲಾಯಿತು, ಇವನಿಗೆ ಅರಬ್ ರಾಜಕುಮಾರ ಫೈಸಲ್. ಅದಕ್ಕೆ ಒಂದು ವರ್ಷ ಮುಂಚೆ ಇನ್ನೊಂದು ಸಿನಿಮಾದಲ್ಲಿ ಜಪಾನಿ ವ್ಯಾಪಾರಿ. 1964ರಲ್ಲಿ ನ್ಯೂಯಾರ್ಕಿನಲ್ಲಿ ಕವಿ ಡಿಲನ್ ಥಾಮಸ್ ಆಗಿ ನಾಟಕಕ್ಕೆ ಕೊಡುವ ಟೋನಿ ಪ್ರಶಸ್ತಿ.

ಆಮೇಲೆ 1977. ಇಲ್ಲಿನ ಚಿಕ್ಕವರಿಗೆಲ್ಲ ಗಿನ್ನೆಸ್ ಗೊತ್ತಿರುವುದೇ ‘ಸ್ಟಾರ್ ವಾರ್ಸ್’ನ ಓಬಿ-ವಾನ್ ಕೆನೋಬಿಯಾಗಿ. ನಿಮಗೆ ಬೇಜಾರಾದರೂ ಹೇಳಲೇಬೇಕು, ಅವನಿಗೆ ಅದರ ಮೇಲೆ ಗೌರವ ಇರಲಿಲ್ಲ. ಸಂಭಾಷಣೆ ಬಾಯಿಗೆ ಬರುವುದಿಲ್ಲ ಅಂತ ಗೆಳೆಯರಿಗೆ ಕಾಗದ ಬರೆಯುತ್ತಿದ್ದ. ಆದರೆ ಲೆಕ್ಕದಲ್ಲಿ ಜಾಣ. ಸಂಬಳದ ಜೊತೆ ಲಾಭದಲ್ಲಿ ಸುಮಾರು ಶೇಕಡಾ 2ರ ಪಾಲು ಮಾತಾಡಿಕೊಂಡಿದ್ದ. ಅರವತ್ತು ದಾಟಿದ ಮೇಲೆ ದುಡ್ಡಿನ ಚಿಂತೆ ಹೋಯಿತು. ಬೂಟಿನ ತಳ ಉಳಿಸಲು ಬರಿಗಾಲಲ್ಲಿ ನಡೆದವನು ಇದನ್ನು ಬಿಡಬೇಕಿತ್ತು ಅಂತ ನಾನಂತೂ ಹೇಳಲಾರೆ. ಒಬ್ಬ ಹುಡುಗ ಬಂದು ಆ ಸಿನಿಮಾ ನೂರಕ್ಕೂ ಜಾಸ್ತಿ ಸಲ ನೋಡಿದ್ದೇನೆ ಅಂದಾಗ, ಇನ್ನು ಮೇಲೆ ನೋಡುವುದಿಲ್ಲ ಅಂತ ಮಾತು ಕೊಡು ಅಂದುಬಿಟ್ಟ. ಹುಡುಗ ಗೊಳೋ ಅಂತ ಅತ್ತ, ತಾಯಿ ಬೈದಳು. ಇದನ್ನೂ ತಾನೇ ಬರೆದುಕೊಂಡಿದ್ದಾನೆ. ಈ ಹುಡುಗನ ವಿಷಯದಲ್ಲಿ ನಾನು ಹುಡುಗನ ಕಡೆ.

ಈಗ ಮತ್ತೆ ಬೆಂಗಳೂರು.

ಗೋಡಬೋಲೆ ಪಾತ್ರಕ್ಕಾಗಿ ಗಿನ್ನೆಸ್ ಕಷ್ಟಪಟ್ಟಿಲ್ಲ ಅನ್ನಲಾಗದು. ಎಪ್ಪತ್ತರ ಅಂಚಿನಲ್ಲಿ ಅವನು ಆ ಪಾತ್ರದ ಹಾಡು ಕುಣಿತವನ್ನೆಲ್ಲ ಕಲಿತು ಮಾಡಿದ. ಸಂಕಲನದ ಮೇಜಿನಲ್ಲಿ ಲೀನ್ ಅದಕ್ಕೆ ಕತ್ತರಿ ಹಾಕಿದ. ಆ ಮನಸ್ತಾಪ ಹೋಗಲಿಲ್ಲ. ಅವರ ಆರನೆಯ ಸಿನಿಮಾ ಅದೇ, ಲೀನ್‌ನ ಕೊನೆಯದೂ ಅದೇ.

ಉಳಿದಿರುವುದನ್ನು ನೋಡಿ. ಟೀ ಪಾರ್ಟಿಯಲ್ಲಿ ನೀರಿನ ತೊಟ್ಟಿಗೆ ಕಾಲು ಇಳಿಬಿಟ್ಟು ಕೂತಿರುತ್ತಾನೆ. ಮಿಸೆಸ್ ಮೂರ್ ಎಂಬ ಮುದುಕಿ ಊರು ಬಿಡುವ ರಾತ್ರಿ ಸ್ಟೇಷನ್ನಿನ ಕತ್ತಲಲ್ಲಿ ನಿಂತು ಕೈಮುಗಿಯುತ್ತಾನೆ. ಪರವಾಗಿಲ್ಲ. ಆದರೆ ಬಾಯಿ ತೆರೆದ ಕೂಡಲೇ ನಮಗೆ ನಗು ಬರುತ್ತದೆ. ಪಕ್ಕದಲ್ಲೇ ವಿಕ್ಟರ್ ಬ್ಯಾನರ್ಜಿ, ಸಯೀದ್ ಜಾಫ್ರಿ ಕೂತಿರುವಾಗ ಬಣ್ಣ ಹಚ್ಚಿದ ಮುಖ ಇನ್ನಷ್ಟು ಎದ್ದು ಕಾಣುತ್ತದೆ. ಆ ಪಾತ್ರ ಮಾಡಬಲ್ಲ ನಟರು ನಮ್ಮ ದೇಶದ ರಂಗಭೂಮಿಯಲ್ಲೇ ಎಷ್ಟೋ ಜನ ಇದ್ದರು. ಫೇಗಿನ್‌ನ ಮೂಗು ನೆನಪಿದೆಯಲ್ಲ? ಎರಡೂ ಸಲ ಆದದ್ದು ಒಂದೇ. ನಡಿಗೆಯನ್ನು ಜನರ ನಡುವೆ ಹುಡುಕದೆ, ಮುಖವನ್ನು ಚಿತ್ರದ ಪುಸ್ತಕದಿಂದ ತಂದ. ಬೆಂಗಳೂರಿನಲ್ಲಿ ಗಾಂಧಿಬಜಾರಿನ ಮೂಲೆಯಲ್ಲಿ ಎರಡು ದಿನ ಸುಮ್ನೆ ನಿಂತಿದ್ದರೆ ಅವನಿಗೆ ನಾಲ್ಕು ಜನ ಗೋಡಬೋಲೆಗಳು ಸಿಗುತ್ತಿದ್ದರು.

ಅದೇ ಸಿನಿಮಾದಲ್ಲಿ ಮಿಸೆಸ್ ಮೂರ್ ಆದವಳು ಪೆಗಿ ಆಶ್‌ಕ್ರಾಫ್ಟ್. 1935ರಲ್ಲಿ ಆಕೆ ಜೂಲಿಯೆಟ್ ಆಗಿದ್ದಾಗ ಇವನು ಅದೇ ನಾಟಕದಲ್ಲಿ ವಿಷ ಮಾರುವ ಬಡ ಔಷಧಿಯವ. ಐವತ್ತು ವರ್ಷದ ಪರಿಚಯ. ಆಕೆಗೆ ಈ ಸಿನಿಮಾಕ್ಕೆ ಆಸ್ಕರ್ ಬಂತು. ಆಕೆ ಸ್ವಂತ ಮುಖದಲ್ಲೇ ಇದ್ದಳು.

ಕೊನೆಯದಾಗಿ ನಾಲ್ಕೈದು ವರ್ಷ ಹಿಂದಕ್ಕೆ ಹೋಗುತ್ತೇನೆ, ಬೇಕೆಂದೇ ಉಳಿಸಿಕೊಂಡಿದ್ದೆ. 1979ರಲ್ಲಿ ಬಿಬಿಸಿ ಏಳು ಕಂತುಗಳ ‘ಟಿಂಕರ್ ಟೈಲರ್ ಸೋಲ್ಜರ್ ಸ್ಪೈ’ ಮಾಡಿತು. ಕೆಲಸದಿಂದ ತೆಗೆದುಹಾಕಲ್ಪಟ್ಟ ಗೂಢಚಾರ ಜಾರ್ಜ್ ಸ್ಮೈಲಿ. ಕಾದಂಬರಿಯಲ್ಲಿ ಆತ ಕುಳ್ಳ, ಡುಮ್ಮ. ನಾನು ಹಾಗಿಲ್ಲವಲ್ಲ ಅಂತ ಗಿನ್ನೆಸ್ ಹಿಂಜರಿದ. ಲೇಖಕ ಜಾನ್ ಲ ಕಾರೆ ಒಪ್ಪಿಸಿದ. ಆಗ ಗಿನ್ನೆಸ್, ನನಗೆ ಒಬ್ಬ ನಿಜವಾದ ಗೂಢಚಾರನನ್ನು ತೋರಿಸು ಅಂದ.

ಬ್ರಿಟಿಷ್ ಗುಪ್ತಚರ ಸಂಸ್ಥೆಯ ನಿವೃತ್ತ ಮುಖ್ಯಸ್ಥ ಮಾರಿಸ್ ಓಲ್ಡ್‌ಫೀಲ್ಡ್ ಜೊತೆ ಲಂಡನ್ನಿನ ಒಂದು ಹೋಟೆಲಿನಲ್ಲಿ ಊಟ ಏರ್ಪಾಡಾಯಿತು. ಗಿನ್ನೆಸ್ ಮಾತಾಡಿದ್ದು ಕಡಿಮೆ, ನೋಡಿದ್ದು ಜಾಸ್ತಿ. ಊಟ ಮುಗಿಸಿ ಓಲ್ಡ್‌ಫೀಲ್ಡ್ ಎದ್ದು ಹೋದ ಮೇಲೆ ಲ ಕಾರೆಯನ್ನು ಪ್ರಶ್ನೆ ಮೇಲೆ ಪ್ರಶ್ನೆ ಕೇಳಿದ. ಆ ಒರಟು ಕಫ್‌ಲಿಂಕು, ಅವರೆಲ್ಲ ಅಂಥವನ್ನೇ ಹಾಕುತ್ತಾರಾ? ಆ ಕೊಡೆ? ಆ ಬೂಟು? ವೈನ್ ಗ್ಲಾಸಿನ ಒಳಗೆ ಬೆರಳು ಸುತ್ತಿಸುತ್ತಿದ್ದನಲ್ಲ, ವಿಷ ಇದೆಯಾ ಅಂತ ನೋಡುತ್ತಿದ್ದನಾ? ಬೀದಿಯಲ್ಲಿ ಆತ ಕೊಡೆ ಹಿಡಿದು ನಡೆದುಹೋಗುವುದನ್ನು ಮರೆಯಾಗುವ ತನಕ ನೋಡಿದ.

ಸ್ಮೈಲಿಗೆ ಮೇಕಪ್ ಅನ್ನುವಂಥದ್ದೇ ಇಲ್ಲ. ದಪ್ಪ ಕನ್ನಡಕ, ಭಾರದ ಕೋಟು, ಅಷ್ಟೇ. ಬೇರೆಯವರು ಮಾತಾಡುತ್ತಾರೆ, ಇವನು ಕೇಳಿಸಿಕೊಳ್ಳುತ್ತಾನೆ. ಕನ್ನಡಕ ತೆಗೆದು ಟೈ ತುದಿಯಿಂದ ಒರೆಸುತ್ತಾನೆ. ಆ ಒರೆಸುವುದರಲ್ಲೇ ಎದುರಿಗಿದ್ದವನು ಸುಳ್ಳು ಹೇಳಿದ ಅಂತ ನಮಗೆ ಗೊತ್ತಾಗುತ್ತದೆ. ಲ ಕಾರೆಗೆ ಆಮೇಲೆ ಸ್ಮೈಲಿ ಬಗ್ಗೆ ಬರೆಯುವುದೇ ಕಷ್ಟವಾಯಿತಂತೆ. ಬರೆಯಲು ಕೂತರೆ ಗಿನ್ನೆಸ್‌ನ ದನಿಯೇ ಕೇಳುತ್ತಿತ್ತು.

ಈಗ ತೋರಿಸುವುದು 1982ರ ಮುಂದಿನ ಭಾಗ, ‘ಸ್ಮೈಲೀಸ್ ಪೀಪಲ್’ನ ಕೊನೆ. ಬರ್ಲಿನ್, ಸೇತುವೆ, ರಾತ್ರಿ. ಜೀವಮಾನದ ಶತ್ರು, ಸೋವಿಯತ್ ಗೂಢಚಾರ ಕಾರ್ಲಾ ಶರಣಾಗಲು ಆ ಕಡೆಯಿಂದ ನಡೆದು ಬರುತ್ತಾನೆ. ಅವನ ಹತ್ತಿರ ಒಂದು ಸಿಗರೇಟ್ ಲೈಟರ್ ಇದೆ. ಅದು ಸ್ಮೈಲಿಗೆ ಹೆಂಡತಿ ಕೊಟ್ಟದ್ದು, ಎಷ್ಟೋ ವರ್ಷದ ಹಿಂದೆ ಕಾರ್ಲಾ ಎತ್ತಿಟ್ಟುಕೊಂಡದ್ದು. ಈಗ ಅದು ನೆಲಕ್ಕೆ ಬೀಳುತ್ತದೆ. ಬಗ್ಗಿದರೆ ಸಿಗುತ್ತದೆ. ಗಿನ್ನೆಸ್‌ನ ಮುಖ ನೋಡಬೇಡಿ, ಅಲ್ಲಿ ಏನೂ ಸಿಗುವುದಿಲ್ಲ. ಅವನು ನಿಂತಿರುವ ರೀತಿ ನೋಡಿ, ಆಮೇಲೆ ತಿರುಗಿ ನಡೆಯುವುದನ್ನು ನೋಡಿ. ಲೈಟ್ ಆರಿಸ್ತೀರಾ?